ಬಣ್ಣ ಹೋಯಿತು ಅಂದರೆ ಡೈ ಒಡೆಯಿತು ಅಂತಲ್ಲ: ಗ್ರಾಫೀನ್ ಬೆರೆಸಿದ ಟೈಟಾನಿಯಾ ಪ್ರಯೋಗವನ್ನು ಸರಿಯಾಗಿ ಮಾಡುವ ಬಗೆ

ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ಮೇಲಿನ ಮನೆಯವರು ಧಾರವಾಡದ ಕಡೆಯವರು. ಅವರ ಮಗಳು ಎಂ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದಾಳೆ. ಒಂದು ಸಂಜೆ ಓಡೋಡಿ ಬಂದು ಫೋನಿನಲ್ಲಿ ಫೋಟೊ ತೋರಿಸಿದಳು. ಎರಡು ಬೀಕರ್. ಒಂದರಲ್ಲಿ ಕಡು ನೀಲಿ ನೀರು, ಇನ್ನೊಂದರಲ್ಲಿ ತಿಳಿ ನೀರು. ಡೈ, ಅಂದರೆ ಬಣ್ಣದ ವಸ್ತು, ಕರಗಿಸಿದ ನೀರಿಗೆ ಗ್ರಾಫೀನ್ ಬೆರೆಸಿದ ಟೈಟಾನಿಯಾ ಪುಡಿ ಹಾಕಿ ಬೆಳಕಿಗೆ ಇಟ್ಟಿದ್ದಳಂತೆ.

"ಕಾಕಾ, ಹತ್ತೇ ನಿಮಿಷ ನೋಡ್ರಿ. ಬಣ್ಣ ಪೂರಾ ಹೋತು!"

"ಕತ್ತಲಲ್ಲಿ ಇಟ್ಟು ನೋಡಿದೀ ಏನು?" ಅಂತ ಕೇಳಿದೆ. ಇಲ್ಲ ಅಂದಳು. ಮರುದಿನ ಅದೇ ಪುಡಿ, ಅದೇ ನೀಲಿ ನೀರು ತಗೊಂಡು ಬೀಕರ್‌ಗೆ ಅಲ್ಯುಮಿನಿಯಂ ಫಾಯಿಲ್ ಸುತ್ತಿ ಇಟ್ಟಳು. ಹತ್ತು ನಿಮಿಷಕ್ಕೆ ಅದೂ ತಿಳಿಯಾಯಿತು. ಬೆಳಕಿಗೂ ಇದಕ್ಕೂ ಸಂಬಂಧವೇ ಇರಲಿಲ್ಲ. ಡೈ ಎಲ್ಲ ಪುಡಿಗೆ ಅಂಟಿಕೊಂಡಿತ್ತು, ಅಷ್ಟೇ. ಅವಳ ಮುಖ ನೋಡಿ ನನಗೇ ಬೇಜಾರಾಯಿತು, ಆದರೆ ಥೀಸಿಸ್ ಬರೆಯುವ ಮೊದಲೇ ಗೊತ್ತಾಗಿದ್ದು ಒಳ್ಳೆಯದೇ ಆಯಿತು. ಈ ತಪ್ಪು ಅವಳೊಬ್ಬಳದಲ್ಲ. ಗ್ರಾಫೀನ್ ಸೇರಿಸಿದ ಫೋಟೊಕ್ಯಾಟಲಿಸ್ಟ್ (ಬೆಳಕು ಬಿದ್ದಾಗ ಡೈಯಂಥದ್ದನ್ನು ಒಡೆಯುವ ಪುಡಿ) ಕೈಗೆತ್ತಿಕೊಂಡ ತುಂಬ ಜನ ಇದರಲ್ಲೇ ಸಿಕ್ಕಿಬೀಳುತ್ತಾರೆ. ಹಾಗಾಗಿ ಮೊದಲಿನಿಂದ ಕೊನೆಯವರೆಗೆ ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ಕಾಲೇಜಿನ ಲ್ಯಾಬ್‌ನಲ್ಲಿ, ಗೈಡ್ ಎದುರಿಗೆ ಮಾಡುವವರಿಗೆ ಮಾತ್ರ ಇದು. ಮನೆಯ ಅಡುಗೆಕೋಣೆಯಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ಈ ವಿಷಯ ನಮಗೆ ದೂರದ್ದೂ ಅಲ್ಲ. 2017ರ ಆಗಸ್ಟ್‌ನಲ್ಲಿ ನವಿ ಮುಂಬೈನ ತಳೋಜಾ ಕೈಗಾರಿಕಾ ಪ್ರದೇಶದಲ್ಲಿ ಬೀದಿನಾಯಿಗಳ ಮೈ ನೀಲಿಯಾಗಿದ್ದು ನೆನಪಿದೆಯಾ? ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿ ಆಗ ಅಲ್ಲಿನ ಒಂದು ಘಟಕವನ್ನು ಮುಚ್ಚಿಸಿತು. ನಾಯಿ ಮೈ ಮೇಲೆ ಬಂದಾಗ ಎಲ್ಲರಿಗೂ ಕಂಡಿತು. ಉಲ್ಹಾಸನಗರದ ಜೀನ್ಸ್ ತೊಳೆಯುವ ನೀರು, ವಾಲಧುನಿ ನದಿಯ ಗತಿ ಇವನ್ನೆಲ್ಲ ನಾವು ಲೋಕಲ್ ಟ್ರೈನಿನ ಕಿಟಕಿಯಿಂದ ನೋಡಿ ನೋಡಿ ಕಣ್ಣಿಗೆ ಒಗ್ಗಿಸಿಕೊಂಡಿದ್ದೇವೆ. ಅದಕ್ಕೇ ನಮ್ಮ ಮಕ್ಕಳು ಈ ಪ್ರಯೋಗ ಮಾಡುವಾಗ ಸರಿಯಾಗಿ ಮಾಡಲಿ ಅನ್ನುವ ಆಸೆ ನನ್ನದು.

ಒಳಗೆ ನಡೆಯುವುದೇನು

ಟೈಟಾನಿಯಂ ಡೈಆಕ್ಸೈಡ್, ಅಂದರೆ ಟೈಟಾನಿಯಾ, ಗೋಡೆಯ ಬಿಳಿ ಪೇಂಟ್‌ನಲ್ಲಿರುವ ಅದೇ ವಸ್ತು. ಬೆಳಕು ಬಿದ್ದರೆ ಇದು ನೀರನ್ನು ಒಡೆಯುವಲ್ಲಿ ಕೆಲಸಕ್ಕೆ ಬರುತ್ತದೆ ಅಂತ ಜಪಾನಿನ ಫುಜಿಶಿಮಾ ಮತ್ತು ಹೋಂಡಾ 1972ರಲ್ಲಿ ತೋರಿಸಿದರು. ಇದರ ಅನಟೇಸ್ ಅನ್ನುವ ರೂಪಕ್ಕೆ 3.2 ಎಲೆಕ್ಟ್ರಾನ್ ವೋಲ್ಟ್‌ನಷ್ಟು ಶಕ್ತಿ ಬೇಕು. ಲೆಕ್ಕ ಹಾಕಿದರೆ ಸುಮಾರು 388 ನ್ಯಾನೊಮೀಟರ್‌ಗಿಂತ ಕಡಿಮೆ ತರಂಗಾಂತರದ ಬೆಳಕು, ಅಂದರೆ ಯುವಿ (ಅತಿನೇರಳೆ). ನೆಲಕ್ಕೆ ಬೀಳುವ ಬಿಸಿಲಿನಲ್ಲಿ ಯುವಿ ಇರುವುದು ನೂರಕ್ಕೆ ನಾಲ್ಕೈದು ಪಾಲು ಮಾತ್ರ.

ಬೆಳಕು ಬಿದ್ದಾಗ ಒಂದು ಎಲೆಕ್ಟ್ರಾನ್ ಮೇಲಕ್ಕೆ ಜಿಗಿಯುತ್ತದೆ, ಅದಿದ್ದ ಜಾಗ ಖಾಲಿಯಾಗುತ್ತದೆ. ಆ ಖಾಲಿ ಜಾಗವನ್ನು ಹೋಲ್ ಅನ್ನುತ್ತಾರೆ. ಹೋಲ್ ನೀರಿನಿಂದ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಮಾಡುತ್ತದೆ. ಎಲೆಕ್ಟ್ರಾನ್ ನೀರಿನಲ್ಲಿ ಕರಗಿದ ಆಕ್ಸಿಜನ್‌ಗೆ ಸೇರಿ ಸೂಪರ್‌ಆಕ್ಸೈಡ್ ಮಾಡುತ್ತದೆ. ಇವೆರಡೂ ಸಿಕ್ಕಿದ್ದರ ಜೊತೆ ಥಟ್ಟನೆ ಪ್ರತಿಕ್ರಿಯಿಸುವ ಚುರುಕು ಕಣಗಳು, ಡೈ ಕಣವನ್ನು ಹರಿದು ಹಾಕುವುದು ಇವೇ. ಆದರೆ ಎಲೆಕ್ಟ್ರಾನ್ ಮತ್ತು ಹೋಲ್ ಜಾಸ್ತಿ ಸಲ ಏನೂ ಕೆಲಸ ಮಾಡದೆ ಮತ್ತೆ ಒಂದಾಗಿಬಿಡುತ್ತವೆ. ಬೆಳಕೆಲ್ಲ ದಂಡ.

ಗ್ರಾಫೀನ್ ಬೇಕಾಗುವುದು ಇಲ್ಲೇ. ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ ಅದು. 2004ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಗೈಮ್ ಮತ್ತು ನೊವೊಸೆಲೊವ್ ಗ್ರಾಫೈಟ್‌ನಿಂದ ಅಂಟುಟೇಪಿನಲ್ಲಿ ಬಿಡಿಸಿ ತೆಗೆದರು, 2010ರಲ್ಲಿ ನೊಬೆಲ್ ಸಿಕ್ಕಿತು. ಟೈಟಾನಿಯಾದ ಎಲೆಕ್ಟ್ರಾನ್ ಈ ಹಾಳೆಗೆ ಸರಿದು ಹೋದರೆ ಹೋಲ್ ಜೊತೆ ಬೇಗ ಕೂಡುವುದಿಲ್ಲ. ಇಬ್ಬರಿಗೂ ತಮ್ಮ ಕೆಲಸ ಮಾಡಲು ಸಮಯ ಸಿಗುತ್ತದೆ. ಇನ್ನೊಂದು ಲಾಭ, ಹಾಳೆಯ ಮೇಲೆ ಡೈ ಬಂದು ಅಂಟುತ್ತದೆ, ಒಡೆಯಬೇಕಾದ ವಸ್ತು ಹತ್ತಿರಕ್ಕೇ ಬರುತ್ತದೆ. ಆದರೆ ನಮ್ಮನ್ನು ದಾರಿ ತಪ್ಪಿಸುವುದೂ ಇದೇ ಅಂಟುವ ಗುಣ.

ಪುಡಿ ತಯಾರಿಸುವುದು

ಮೊದಲ ಮಾತು. ಗ್ರಾಫೀನ್ ಆಕ್ಸೈಡ್ (ಆಕ್ಸಿಜನ್ ಸೇರಿಕೊಂಡ ಗ್ರಾಫೀನ್) ಅನ್ನು ನೀವೇ ಮಾಡಲು ಹೋಗಬೇಡಿ, ರೆಡಿ ಕೊಳ್ಳಿ. ಹಮ್ಮರ್ಸ್ ವಿಧಾನ ಅಂತ 1958ರಿಂದ ಇದೆ, ಎಲ್ಲ ಥೀಸಿಸ್‌ನಲ್ಲೂ ಕಾಣುತ್ತದೆ, ನೋಡಲು ಸುಲಭ ಅನಿಸುತ್ತದೆ. ಆದರೆ ಅದರಲ್ಲಿ ಗಟ್ಟಿ ಸಲ್ಫ್ಯೂರಿಕ್ ಆಸಿಡ್‌ಗೆ ಪರ್ಮ್ಯಾಂಗನೇಟ್ ಬೀಳುತ್ತದೆ. ಬಿಸಿ ಕೈಮೀರಿದರೆ ಅಲ್ಲಿ ಹುಟ್ಟುವ ಮ್ಯಾಂಗನೀಸ್ ಹೆಪ್ಟಾಕ್ಸೈಡ್ ಸ್ಫೋಟಿಸುತ್ತದೆ. ಸೋಡಿಯಂ ನೈಟ್ರೇಟ್ ಹಾಕುವ ಹಳೆಯ ಕ್ರಮದಲ್ಲಿ ವಿಷದ ಗಾಳಿಯೂ ಬರುತ್ತದೆ. ಮೇ ತಿಂಗಳಲ್ಲಿ, ಎಸಿ ಇಲ್ಲದ ಲ್ಯಾಬ್‌ನಲ್ಲಿ, ಐಸ್ ಕರಗುತ್ತಾ ಇರುವಾಗ ಒಬ್ಬರೇ ನಿಂತು ಇದನ್ನು ಮಾಡುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ನಿಮ್ಮ ಪ್ರಶ್ನೆ ಡೈ ಒಡೆಯುತ್ತದಾ ಅನ್ನುವುದು. ಗ್ರಾಫೀನ್ ಆಕ್ಸೈಡ್ ಮಾಡಲು ಬರುತ್ತದಾ ಅನ್ನುವುದಲ್ಲ ಅಲ್ವಾ?

ನೀರಿನಲ್ಲಿ ಕಲಸಿದ ಗ್ರಾಫೀನ್ ಆಕ್ಸೈಡ್ ಬಾಟಲಿಯಲ್ಲೇ ಸಿಗುತ್ತದೆ. ಒಂದು ಮಿಲಿಗೆ ಎಷ್ಟು ಮಿಲಿಗ್ರಾಂ ಅಂತ ಲೇಬಲ್ ಮೇಲೆ ಇರುತ್ತದೆ. 4 ಮಿಲಿಗ್ರಾಂ ಅಂತಿದ್ದರೆ ಅರ್ಧ ಮಿಲಿಯಲ್ಲಿ 2 ಮಿಲಿಗ್ರಾಂ ಬಂತು. ಒಣ ಪುಡಿಗಿಂತ ಇದನ್ನೇ ತಗೊಳ್ಳಿ. ನಮ್ಮ ಮಳೆಗಾಲದ ತೇವಕ್ಕೆ ಒಣ ಪುಡಿ ನೀರು ಹೀರಿಕೊಂಡು ತೂಕವೇ ಸುಳ್ಳಾಗುತ್ತದೆ, ಮೇಲಾಗಿ ಒಣಗಿ ಗಂಟಾದದ್ದನ್ನು ಮತ್ತೆ ಬಿಡಿಸುವುದು ಕಷ್ಟ.

ಟೈಟಾನಿಯಾಗೆ ಪಿ-25 ಅನ್ನುವ ದರ್ಜೆಯನ್ನು ಕೇಳಿ ತಗೊಳ್ಳಿ. ಅದರಲ್ಲಿ ಹೆಚ್ಚುಕಡಿಮೆ ನಾಲ್ಕು ಪಾಲು ಅನಟೇಸ್, ಒಂದು ಪಾಲು ರೂಟೈಲ್ ಅನ್ನುವ ಇನ್ನೊಂದು ರೂಪ. ಕಣ ಸುಮಾರು 20 ನ್ಯಾನೊಮೀಟರ್. ಜಗತ್ತಿನ ತುಂಬ ಲ್ಯಾಬ್‌ಗಳು ಇದನ್ನೇ ಅಳತೆಗೋಲಾಗಿ ಇಟ್ಟುಕೊಂಡಿರುವುದರಿಂದ ನಿಮ್ಮ ಫಲಿತಾಂಶವನ್ನು ಬೇರೆಯವರದ್ದರ ಜೊತೆ ಹೋಲಿಸಲು ಬರುತ್ತದೆ. ಪೇಂಟ್ ಅಂಗಡಿಯ ಟೈಟಾನಿಯಾ ಬೇಡ. ಅದು ಸಾಮಾನ್ಯವಾಗಿ ರೂಟೈಲ್ ಆಗಿರುತ್ತದೆ, ಬಿಸಿಲಿಗೆ ಪೇಂಟ್ ಹಾಳಾಗದಿರಲಿ ಅಂತ ಮೇಲೆ ಬೇರೆ ಲೇಪವನ್ನೂ ಕೊಟ್ಟಿರುತ್ತಾರೆ. ಅಂದರೆ ನಮಗೆ ಬೇಕಾದ ಗುಣವನ್ನೇ ಅಲ್ಲಿ ಬೇಕಂತಲೇ ಅಡಗಿಸಿರುತ್ತಾರೆ.

ಈಗ ಬೆರೆಸೋಣ. 20 ಮಿಲಿ ಡಿಸ್ಟಿಲ್ಡ್ ನೀರು, 10 ಮಿಲಿ ಎಥನಾಲ್, ಅದರಲ್ಲಿ 2 ಮಿಲಿಗ್ರಾಂ ಗ್ರಾಫೀನ್ ಆಕ್ಸೈಡ್. ಸೋನಿಕೇಟರ್‌ನಲ್ಲಿ (ಶಬ್ದದ ಅಲೆಗಳಿಂದ ಅಲುಗಾಡಿಸುವ ಯಂತ್ರದಲ್ಲಿ) ಒಂದು ಗಂಟೆ ಇಡಿ. ಸೋನಿಕೇಟರ್ ನೀರು ಬಿಸಿಯಾಗುತ್ತದೆ, ಆಗಾಗ ಬದಲಿಸಿ. ಕಂದು ಬಣ್ಣದ, ತಳದಲ್ಲಿ ಏನೂ ಕೂರದ ದ್ರವ ಆಗಬೇಕು. ಅದಕ್ಕೆ 200 ಮಿಲಿಗ್ರಾಂ ಪಿ-25 ಹಾಕಿ ಎರಡು ಗಂಟೆ ಸ್ಟಿರರ್ ಮೇಲೆ ತಿರುಗಿಸಿ. ಆಮೇಲೆ ಒಳಗೆ ಟೆಫ್ಲಾನ್ ಇರುವ ಸ್ಟೀಲ್ ಆಟೋಕ್ಲೇವ್‌ಗೆ ಸುರಿದು, ಓವನ್‌ನಲ್ಲಿ 120 ಡಿಗ್ರಿ ಸೆಲ್ಸಿಯಸ್‌ಗೆ ಮೂರು ಗಂಟೆ. ಆಟೋಕ್ಲೇವ್ 50 ಮಿಲಿಯದ್ದಾದರೆ ಒಳ್ಳೆಯದು, ಮೂರನೇ ಎರಡು ಭಾಗಕ್ಕಿಂತ ಜಾಸ್ತಿ ತುಂಬಬಾರದು. ಇಡೀ ರಾತ್ರಿ ಹಾಗೇ ಆರಲು ಬಿಡಿ. ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಲೇಬೇಡಿ, ಒಳಗೆ ಎಥನಾಲ್ ಆವಿ ಒತ್ತಡದಲ್ಲಿರುತ್ತದೆ.

ತೆರೆದಾಗ ಕಂದು ಹೋಗಿ ಬೂದು ಬಣ್ಣ ಬಂದಿದ್ದರೆ ಗ್ರಾಫೀನ್ ಆಕ್ಸೈಡ್‌ನಲ್ಲಿದ್ದ ಆಕ್ಸಿಜನ್ ಒಂದಷ್ಟು ಹೋಗಿದೆ ಅಂತ ಅರ್ಥ. ಸೆಂಟ್ರಿಫ್ಯೂಜ್ ಮಾಡಿ (ಯಂತ್ರದಲ್ಲಿ ಜೋರಾಗಿ ತಿರುಗಿಸಿ ಪುಡಿಯನ್ನು ತಳಕ್ಕೆ ಕೂರಿಸಿ), ನೀರಿನಲ್ಲಿ ಎರಡು ಮೂರು ಸಲ ತೊಳೆದು, 60 ಡಿಗ್ರಿಯಲ್ಲಿ ಒಣಗಿಸಿ. ಒಣಗಿದ ಪುಡಿಯನ್ನು ಅರೆಯುವಾಗ ಮಾಸ್ಕ್ ಇರಲಿ. ಇಷ್ಟು ಸಣ್ಣ ಕಣ ಉಸಿರಿನಲ್ಲಿ ಒಳಗೆ ಹೋಗುವುದು ಒಳ್ಳೆಯದಲ್ಲ.

ಇಲ್ಲಿ ಗ್ರಾಫೀನ್ ಇರುವುದು ಟೈಟಾನಿಯಾದ ನೂರಕ್ಕೆ ಒಂದು ಪಾಲು. ಜಾಸ್ತಿ ಹಾಕಿದರೆ ಜಾಸ್ತಿ ಒಡೆಯುತ್ತದೆ ಅಂತ ಎಲ್ಲರಿಗೂ ಅನಿಸುತ್ತದೆ. ಹಾಗಾಗುವುದಿಲ್ಲ. ಗ್ರಾಫೀನ್ ಕಪ್ಪು. ಅದು ಜಾಸ್ತಿಯಾದರೆ ಬೆಳಕನ್ನು ತಾನೇ ಹೀರಿಕೊಂಡು ಟೈಟಾನಿಯಾಗೆ ನೆರಳು ಮಾಡುತ್ತದೆ. ಆಗ ಡೈ ಅಂಟುವುದು ಹೆಚ್ಚುತ್ತದೆ, ಒಡೆಯುವುದು ಕಡಿಮೆಯಾಗುತ್ತದೆ. ಬರಿಗಣ್ಣಿಗೆ ಮಾತ್ರ "ಅಬ್ಬಾ, ಎಷ್ಟು ಬೇಗ ತಿಳಿಯಾಯಿತು" ಅನಿಸುತ್ತದೆ. ಮೇಲಿನ ಮನೆಯ ಹುಡುಗಿ ಹಾಕಿದ್ದು ನೂರಕ್ಕೆ ಇಪ್ಪತ್ತು ಪಾಲು. ಅರ್ಧ, ಒಂದು, ಎರಡು, ಐದು ಪಾಲು ಹೀಗೆ ನಾಲ್ಕು ಪುಡಿ ಮಾಡಿ ಹೋಲಿಸಿದರೆ ಸಾಕು.

ಜೊತೆಗೆ ಇನ್ನೊಂದು ಪುಡಿ ಕಡ್ಡಾಯ. ಗ್ರಾಫೀನ್ ಹಾಕದೆ ಬರೀ ಪಿ-25 ತಗೊಂಡು ಇದೇ ನೀರು, ಇದೇ ಎಥನಾಲ್, ಇದೇ ಓವನ್, ಇದೇ ಮೂರು ಗಂಟೆ. ಹೋಲಿಕೆಗೆ ಇದನ್ನೇ ಬಳಸಿ. ಡಬ್ಬಿಯಿಂದ ನೇರ ತೆಗೆದ ಪಿ-25 ಜೊತೆ ಹೋಲಿಸಿದರೆ, ಕಂಡ ವ್ಯತ್ಯಾಸ ಗ್ರಾಫೀನ್‌ನಿಂದ ಬಂತೋ ಓವನ್‌ನಿಂದ ಬಂತೋ ಹೇಳಲು ಬರುವುದಿಲ್ಲ.

ಎಕ್ಸ್‌ಆರ್‌ಡಿ (ಎಕ್ಸ್‌ರೇ ಹಾಯಿಸಿ ಹರಳಿನ ರಚನೆ ನೋಡುವ ಪರೀಕ್ಷೆ) ಮಾಡಿಸಿ "ಗ್ರಾಫೀನ್ ಪೀಕ್ ಕಾಣ್ತಾ ಇಲ್ಲ" ಅಂತ ಗಾಬರಿಯಾಗಬೇಡಿ. ಅದು ಬರಬೇಕಾದ ಜಾಗದಲ್ಲೇ ಅನಟೇಸ್‌ನ 25.3 ಡಿಗ್ರಿಯ ದೊಡ್ಡ ಪೀಕ್ ಕೂತಿರುತ್ತದೆ, ಮೇಲಾಗಿ ಒಂದು ಪಾಲು ಗ್ರಾಫೀನ್ ಅಷ್ಟು ಸುಲಭಕ್ಕೆ ಕಾಣುವುದೂ ಇಲ್ಲ. ಲೇಸರ್ ಬೆಳಕಿನಿಂದ ವಸ್ತುವನ್ನು ಗುರುತಿಸುವ ರಾಮನ್ ಪರೀಕ್ಷೆ ಮಾಡಿಸಿ. ಸುಮಾರು 1350 ಮತ್ತು 1590 cm⁻¹ ಹತ್ತಿರ ಎರಡು ಪೀಕ್ ಸಿಕ್ಕರೆ ಸರಿ. ಕಾಲೇಜಿನಲ್ಲಿ ಈ ಯಂತ್ರ ಇಲ್ಲದಿದ್ದರೆ ಪವಯಿಯ ಐಐಟಿ ಬಾಂಬೆಯಲ್ಲಿ ಸೈಫ್ ಅನ್ನುವ ವಿಭಾಗವಿದೆ, ಹೊರಗಿನವರ ಸ್ಯಾಂಪಲ್‌ಗಳನ್ನೂ ಶುಲ್ಕ ತಗೊಂಡು ಅಳೆದು ಕೊಡುತ್ತಾರೆ. ಗೈಡ್ ಸಹಿ ಹಾಕಿಸಿ ಮುಂಚೆಯೇ ಅರ್ಜಿ ಹಾಕಿ, ಕೊನೆಯ ತಿಂಗಳಿಗೆ ಬಿಡಬೇಡಿ.

ಡೈ ನೀರು ಮತ್ತು ಅಳತೆ

ಶುರುವಿಗೆ ಮೆಥಿಲೀನ್ ಬ್ಲೂ ಒಳ್ಳೆಯದು. ಅಗ್ಗ, ಎಲ್ಲ ಲ್ಯಾಬ್‌ನಲ್ಲೂ ಇರುತ್ತದೆ, 664 ನ್ಯಾನೊಮೀಟರ್‌ನಲ್ಲಿ ಚೆನ್ನಾಗಿ ಬೆಳಕು ಹೀರುತ್ತದೆ. 10 ಮಿಲಿಗ್ರಾಂ ಅನ್ನು 100 ಮಿಲಿ ನೀರಿಗೆ ಹಾಕಿದರೆ ಲೀಟರಿಗೆ 100 ಮಿಲಿಗ್ರಾಂ ಸ್ಟಾಕ್ ಆಯಿತು. ಅದರಿಂದ 5 ಮಿಲಿ ತೆಗೆದು 100 ಮಿಲಿ ಮಾಡಿದರೆ ಲೀಟರಿಗೆ 5 ಮಿಲಿಗ್ರಾಂ. ಪ್ರಯೋಗಕ್ಕೆ ಇದೇ ಸಾಕು.

ತುಂಬ ಜನ ಲೀಟರಿಗೆ 10 ಅಥವಾ 20 ಮಿಲಿಗ್ರಾಂ ತಗೊಂಡು ನೇರ ಅಳೆಯುತ್ತಾರೆ. 10 ಮಿಲಿಗ್ರಾಂನಲ್ಲೇ ಅಬ್ಸಾರ್ಬೆನ್ಸ್ (ದ್ರಾವಣ ಎಷ್ಟು ಬೆಳಕು ಹೀರಿತು ಅನ್ನುವ ಅಂಕಿ) ಎರಡು ದಾಟುತ್ತದೆ, ಅಲ್ಲಿ ಸಾಧಾರಣ ಸ್ಪೆಕ್ಟ್ರೊಫೋಟೊಮೀಟರ್ ಹೇಳುವ ಅಂಕಿಯನ್ನು ನಂಬಲಾಗುವುದಿಲ್ಲ. ಅರ್ಧ, ಒಂದು, ಎರಡು, ಮೂರು, ನಾಲ್ಕು, ಐದು ಮಿಲಿಗ್ರಾಂ ದ್ರಾವಣಗಳ ಅಬ್ಸಾರ್ಬೆನ್ಸ್ ಅಳೆದು ಗ್ರಾಫ್‌ನಲ್ಲಿ ಗೆರೆ ಹಾಕಿ ನೋಡಿ. ಎಲ್ಲಿಯವರೆಗೆ ನೇರ ಬರುತ್ತದೋ ಅಲ್ಲಿಯವರೆಗೆ ಮಾತ್ರ ಬಳಸಿ.

ಮೆಥಿಲೀನ್ ಬ್ಲೂ ಸಿಕ್ಕಿದ್ದಕ್ಕೆಲ್ಲ ಅಂಟುತ್ತದೆ. ಅಳೆಯಲು ದ್ರಾವಣ ಹಾಕುವ ಪುಟ್ಟ ಗಾಜಿನ ಪಾತ್ರೆ, ಅಂದರೆ ಕ್ಯುವೆಟ್‌ಗೆ ಅಂಟುತ್ತದೆ, ಸಿರಿಂಜ್ ಫಿಲ್ಟರ್‌ಗೂ ಅಂಟುತ್ತದೆ. ಫಿಲ್ಟರ್ ಹಾಕಿ ಸೋಸಿದರೆ ಡೈ ಅಲ್ಲೇ ಉಳಿದು, ಪುಡಿಯೇ ಒಡೆಯಿತು ಅನ್ನುವ ಭ್ರಮೆ ಬರುತ್ತದೆ. ಆದಷ್ಟು ಸೆಂಟ್ರಿಫ್ಯೂಜ್ ಮಾಡಿ. ಕ್ಯುವೆಟ್ ಅನ್ನು ಪ್ರತಿ ಸಲ ಎಥನಾಲ್‌ನಲ್ಲಿ ತೊಳೆಯಿರಿ. ಫಿಲ್ಟರ್ ಬಿಟ್ಟರೆ ಗತಿಯಿಲ್ಲ ಅಂದರೆ, ಪುಡಿ ಹಾಕದ ಡೈ ನೀರನ್ನು ಮೊದಲು ಅದೇ ಫಿಲ್ಟರ್‌ನಲ್ಲಿ ಸೋಸಿ ಎಷ್ಟು ಕಳೆದುಹೋಗುತ್ತದೆ ನೋಡಿ.

ಕತ್ತಲು ಮೊದಲು, ಬೆಳಕು ಆಮೇಲೆ

100 ಮಿಲಿ ಡೈ ನೀರಿಗೆ 50 ಮಿಲಿಗ್ರಾಂ ಪುಡಿ ಹಾಕಿ. ಬೀಕರ್‌ಗೆ ಸುತ್ತಲೂ, ಮೇಲೂ ಫಾಯಿಲ್ ಸುತ್ತಿ ಸ್ಟಿರರ್ ಮೇಲಿಡಿ. ಹತ್ತು ಹತ್ತು ನಿಮಿಷಕ್ಕೆ 3 ಮಿಲಿ ತೆಗೆದು ಅಳೆಯಿರಿ. ಎರಡು ಮೂರು ಅಳತೆ ಒಂದೇ ಬಂದರೆ ಅಂಟುವುದು ಮುಗಿಯಿತು ಅಂತ. ಪುಸ್ತಕದಲ್ಲಿ "30 ನಿಮಿಷ ಕತ್ತಲು" ಅಂತ ಬರೆದಿರುತ್ತದೆ. ಗ್ರಾಫೀನ್ ಇರುವ ಪುಡಿಗೆ ಅದು ಸಾಲದೇ ಹೋಗಬಹುದು, ಒಂದು ಗಂಟೆ ಬೇಕಾಗಬಹುದು. ಗಡಿಯಾರ ನೋಡಿ ನಿಲ್ಲಿಸಬೇಡಿ, ಅಂಕಿ ನೋಡಿ ನಿಲ್ಲಿಸಿ.

ಇಡೀ ಬರಹದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುತ್ತೀರಿ ಅಂದರೆ ಈ ಕತ್ತಲಿನ ಅಳತೆಯನ್ನೇ ಇಟ್ಟುಕೊಳ್ಳಿ.

ಆಮೇಲೆ ಬೆಳಕು. ಸುಲಭದ್ದು 365 ನ್ಯಾನೊಮೀಟರ್‌ನ ಯುವಿ ದೀಪ. ಬೀಕರ್ ಮತ್ತು ದೀಪದ ನಡುವಿನ ಅಂತರವನ್ನು ಸ್ಕೇಲಿನಲ್ಲಿ ಅಳೆದು ಬರೆದಿಡಿ, ಎಲ್ಲ ಪ್ರಯೋಗಕ್ಕೂ ಅಷ್ಟೇ ಅಂತರ. ಯುವಿ ಕನ್ನಡಕ ಇಲ್ಲದೆ ದೀಪ ಹಾಕಬೇಡಿ. ಆ ಬೆಳಕು ಕಣ್ಣಿಗೆ ಅಷ್ಟಾಗಿ ಕಾಣುವುದಿಲ್ಲ, ಅದಕ್ಕೇ ಅಪಾಯ ಜಾಸ್ತಿ. ದೀಪದ ಬಿಸಿಗೆ ನೀರೂ ಬಿಸಿಯಾಗುತ್ತದೆ. ಬೀಕರ್ ಅನ್ನು ತಣ್ಣೀರಿನ ದೊಡ್ಡ ಪಾತ್ರೆಯೊಳಗೆ ಇಡಿ.

ಬಿಸಿಲಿನಲ್ಲಿ ಮಾಡುವ ಆಸೆ ಇದ್ದರೆ ಮುಂಬೈನಲ್ಲಿ ನವೆಂಬರ್‌ನಿಂದ ಮೇ ನಡುವೆ ಮಾಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೋಡದ ಆಟದಲ್ಲಿ ಎರಡು ದಿನದ ಅಂಕಿ ಒಂದಕ್ಕೊಂದು ತಾಳೆಯಾಗುವುದೇ ಇಲ್ಲ. ಇನ್ನೊಂದು ವಿಷಯ, ನಮ್ಮಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆಗಲ್ಲ. ಗಡಿಯಾರದ ಸಮಯ ನಮಗಿಂತ ಪೂರ್ವದ ರೇಖೆಗೆ ಹೊಂದಿಸಿದ್ದು. ಮುಂಬೈಗೆ ನಡು ಮಧ್ಯಾಹ್ನ ಬರುವುದು ತಿಂಗಳಿಗೆ ತಕ್ಕಂತೆ ಸುಮಾರು 12:20ರಿಂದ 12:55ರೊಳಗೆ. ಹಾಗಾಗಿ ಹನ್ನೊಂದೂವರೆಯಿಂದ ಒಂದೂವರೆ ಒಳ್ಳೆಯ ಹೊತ್ತು. ಹೋಲಿಸಬೇಕಾದ ಬೀಕರ್‌ಗಳನ್ನೆಲ್ಲ ಅದೇ ಟೆರೇಸ್ ಮೇಲೆ, ಅದೇ ಹೊತ್ತಿಗೆ, ಪಕ್ಕಪಕ್ಕ ಇಡಿ. ಒಂದನ್ನು ಸೋಮವಾರ, ಇನ್ನೊಂದನ್ನು ಬುಧವಾರ ಮಾಡಿದರೆ ಹೋಲಿಕೆಗೆ ಅರ್ಥವಿಲ್ಲ. ಬೀಕರ್ ಹೊರಗೆ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬಿಸಿಲಿಗೆ ನೀರು ಆವಿಯಾದರೆ ಡೈ ಗಟ್ಟಿಯಾಗಿ ಕಾಣುತ್ತದೆ.

ಪಕ್ಕದಲ್ಲಿ ಇನ್ನೂ ಮೂರು ಬೀಕರ್ ಇರಲೇಬೇಕು. ಪುಡಿ ಇಲ್ಲದ ಬರೀ ಡೈ ನೀರು ಬೆಳಕಿನಲ್ಲಿ. ಮೆಥಿಲೀನ್ ಬ್ಲೂ ಬಿಸಿಲಿಗೆ ತಾನಾಗೇ ಸ್ವಲ್ಪ ಮಂಕಾಗುತ್ತದೆ. ಗ್ರಾಫೀನ್ ಪುಡಿ ಹಾಕಿ ಫಾಯಿಲ್ ಸುತ್ತಿಟ್ಟದ್ದು, ಕೊನೆಯವರೆಗೂ ಕತ್ತಲಲ್ಲೇ. ಮತ್ತೆ ಆಗ ಹೇಳಿದ ಓವನ್ ಕಂಡ ಪಿ-25.

ಲೆಕ್ಕ

ಒಂದು ಉದಾಹರಣೆ ತಗೊಳ್ಳೋಣ. ಶುರುವಿಗೆ ಲೀಟರಿಗೆ 5 ಮಿಲಿಗ್ರಾಂ ಇತ್ತು. ಕತ್ತಲಲ್ಲಿ 4ಕ್ಕೆ ಇಳಿದು ನಿಂತಿತು. ಬೆಳಕಿನಲ್ಲಿ 60 ನಿಮಿಷ ಆದ ಮೇಲೆ 1 ಉಳಿಯಿತು. "ನೂರಕ್ಕೆ 80 ಒಡೆಯಿತು" ಅಂತ ಬರೆದರೆ ತಪ್ಪು. ಅದರಲ್ಲಿ 20 ಕತ್ತಲಲ್ಲೇ ಅಂಟಿದ್ದು. ಬೆಳಕಿನ ಲೆಕ್ಕ 4ರಿಂದ ಶುರುವಾಗಬೇಕು. ನಾಲ್ಕರಲ್ಲಿ ಮೂರು ಹೋಯಿತು, ಅಂದರೆ 75.

ವೇಗ ಹೇಳಬೇಕಾದರೆ 4ನ್ನು 1ರಿಂದ ಭಾಗಿಸಿ, ನ್ಯಾಚುರಲ್ ಲಾಗ್ ತಗೊಂಡು, 60ರಿಂದ ಭಾಗಿಸಿ. 1.386 ಭಾಗಿಸು 60, ನಿಮಿಷಕ್ಕೆ 0.0231. ಅಂದರೆ ಪ್ರತಿ ಅರ್ಧ ಗಂಟೆಗೆ ಉಳಿದ ಡೈ ಅರ್ಧವಾಗುತ್ತಿದೆ. ಆದರೆ ಎರಡೇ ಬಿಂದುವಿನಿಂದ ಇದನ್ನು ತೆಗೆಯಬೇಡಿ. ಐದಾರು ಅಳತೆ ತಗೊಂಡು ಗೆರೆ ಎಳೆದು, ನೇರ ಬಂದರೆ ಮಾತ್ರ ಬರೆಯಿರಿ. ಮೂರು ಸಲ ಮಾಡಿ. ಮೂರರಲ್ಲಿ ಚೆನ್ನಾಗಿ ಬಂದ ಒಂದನ್ನೇ ಹಾಕುವ ಅಭ್ಯಾಸ ಬೇಡ.

ನಿಜಕ್ಕೂ ಒಡೆಯಿತಾ?

ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಈ ಭಾಗ.

ಮೊದಲ ಪರೀಕ್ಷೆಗೆ ಖರ್ಚೇ ಇಲ್ಲ. ಪ್ರಯೋಗ ಮುಗಿದ ಮೇಲೆ ಪುಡಿಯನ್ನು ಸೆಂಟ್ರಿಫ್ಯೂಜ್‌ನಲ್ಲಿ ಒಟ್ಟು ಮಾಡಿ, ಸ್ವಲ್ಪ ಎಥನಾಲ್ ಹಾಕಿ ಕುಲುಕಿ. ಎಥನಾಲ್ ನೀಲಿಯಾದರೆ ಡೈ ಎಲ್ಲೂ ಹೋಗಿಲ್ಲ, ಪುಡಿಯಲ್ಲೇ ಇತ್ತು. ಆ ಹುಡುಗಿಯ ಪುಡಿಗೆ ಎಥನಾಲ್ ಹಾಕಿದಾಗ ಇಂಕ್ ಚೆಲ್ಲಿದ ಹಾಗೆ ನೀಲಿ ಬಂತು.

ಎರಡನೆಯದು, 664ರಲ್ಲಿ ಒಂದೇ ಅಂಕಿ ಓದಬೇಡಿ. 200ರಿಂದ 800ರವರೆಗೆ ಪೂರ್ತಿ ಸ್ಕ್ಯಾನ್ ಮಾಡಿ, ಅದಕ್ಕೆ ಕ್ವಾರ್ಟ್ಜ್ ಕ್ಯುವೆಟ್ ಬೇಕು. ಪೀಕ್ ಇಳಿಯುತ್ತಾ ಎಡಕ್ಕೆ ಸರಿದರೆ ಡೈಯ ತುದಿಯಲ್ಲಿರುವ ಮೆಥಿಲ್ ಗುಂಪು ಉದುರಿ ಬೇರೊಂದು ಡೈ ಆಗುತ್ತಿದೆ, ಒಳಗಿನ ಉಂಗುರಗಳು ಇನ್ನೂ ಹಾಗೇ ಇವೆ. ಯುವಿ ಕಡೆ 292ರ ಹತ್ತಿರ ಇನ್ನೊಂದು ಪೀಕ್ ಇದೆ. ಅದೂ ಇಳಿದರೆ ಉಂಗುರ ಒಡೆಯುತ್ತಿದೆ ಅನ್ನಲು ಆಧಾರ ಸಿಗುತ್ತದೆ.

ಮೂರನೆಯದು ಮೆಥಿಲೀನ್ ಬ್ಲೂ ಆಡುವ ಒಂದು ವಿಚಿತ್ರ ಆಟ. ಆಕ್ಸಿಜನ್ ಕಡಿಮೆಯಾದಾಗ ಅದು ಎಲೆಕ್ಟ್ರಾನ್ ತಗೊಂಡು ಬಣ್ಣವಿಲ್ಲದ ರೂಪಕ್ಕೆ ಹೋಗುತ್ತದೆ, ಗಾಳಿ ತಾಗಿದರೆ ಮತ್ತೆ ನೀಲಿ. ಕಾಲೇಜಿನಲ್ಲಿ ನೀಲಿ ಬಾಟಲಿ ಪ್ರಯೋಗ ನೋಡಿದವರಿಗೆ ಗೊತ್ತು. ಹಾಗಾಗಿ ತಿಳಿಯಾದ ನೀರನ್ನು ಸೀಸೆಗೆ ಹಾಕಿ ಚೆನ್ನಾಗಿ ಕುಲುಕಿ, ಅರ್ಧ ಗಂಟೆ ತೆರೆದಿಟ್ಟು ಮತ್ತೆ ಅಳೆಯಿರಿ.

ನಾಲ್ಕನೆಯದು ಇಂಗಾಲದ ಲೆಕ್ಕ. ಡೈ ಪೂರ್ತಿ ಒಡೆದರೆ ಕಾರ್ಬನ್ ಡೈಆಕ್ಸೈಡ್, ನೀರು, ಸಲ್ಫೇಟ್, ನೈಟ್ರೇಟ್, ಅಮೋನಿಯಂ ಆಗಬೇಕು. ಮೆಥಿಲೀನ್ ಬ್ಲೂ ತೂಕದಲ್ಲಿ ನೂರಕ್ಕೆ 60 ಪಾಲು ಇಂಗಾಲ. ಲೀಟರಿಗೆ 10 ಮಿಲಿಗ್ರಾಂ ಡೈ ಅಂದರೆ 6 ಮಿಲಿಗ್ರಾಂ ಇಂಗಾಲ. ಟಿಓಸಿ (ನೀರಿನಲ್ಲಿರುವ ಒಟ್ಟು ಸಾವಯವ ಇಂಗಾಲ) ಯಂತ್ರ ಇದನ್ನು ಅಳೆಯಬಲ್ಲದು. ಕಾಲೇಜಿನಲ್ಲಿ ಸುಲಭಕ್ಕೆ ಸಿಗುವ ಸಿಓಡಿ (ನೀರಿನಲ್ಲಿರುವುದನ್ನು ಉರಿಸಲು ಎಷ್ಟು ಆಕ್ಸಿಜನ್ ಬೇಕು ಅನ್ನುವ) ಪರೀಕ್ಷೆ ಮಾಡಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ, ಪೂರ್ತಿ ಉರಿದರೂ 10 ಮಿಲಿಗ್ರಾಂ ಡೈಗೆ ಸುಮಾರು 20 ಮಿಲಿಗ್ರಾಂ ಸಿಓಡಿ ಬರುತ್ತದೆ. ಸಾಮಾನ್ಯ ಡೈಕ್ರೋಮೇಟ್ ಟೈಟ್ರೇಶನ್‌ಗೆ ಅದು ತೀರಾ ಕಡಿಮೆ, ಒಂದು ಹನಿ ಹೆಚ್ಚು ಬಿದ್ದರೆ ಉತ್ತರವೇ ಬದಲಾಗುತ್ತದೆ. ಸಿಓಡಿಯನ್ನೇ ಮಾಡಬೇಕಾದರೆ ಡೈ ಜಾಸ್ತಿ ತಗೊಂಡು ಬೇರೆ ಪ್ರಯೋಗ ಇಡಿ.

ಇಷ್ಟೆಲ್ಲ ಯಾಕೆ ಅಂದರೆ, ಬಟ್ಟೆಗೆ ಹಾಕುವ ಬಣ್ಣಗಳಲ್ಲಿ ದೊಡ್ಡ ಪಾಲು ಅಜೋ ಡೈಗಳು. ಎರಡು ನೈಟ್ರೋಜನ್ ಸೇರಿದ ಕೊಂಡಿ ಅವುಗಳ ಬಣ್ಣಕ್ಕೆ ಕಾರಣ. ಆ ಕೊಂಡಿ ಒಂದು ತುಂಡಾದರೆ ಸಾಕು, ಬಣ್ಣ ಮಾಯ. ಆದರೆ ತುಂಡಾದ ಎರಡು ಅರ್ಧಗಳಲ್ಲಿ ಕೆಲವು ಆರೊಮ್ಯಾಟಿಕ್ ಅಮೀನ್‌ಗಳಾಗಿ ಉಳಿಯಬಹುದು. ಅವುಗಳಲ್ಲಿ ಕೆಲವು ಕ್ಯಾನ್ಸರ್ ತರುವಂಥವು. ನೀರು ನೋಡಲು ಕನ್ನಡಿಯ ಹಾಗೆ ತಿಳಿ, ಒಳಗೆ ಮೊದಲಿಗಿಂತ ಕೆಟ್ಟದ್ದು. ಬಣ್ಣದ ನೀರನ್ನು ಕಂಡರೆ ದನವನ್ನು ದೂರ ಹೊಡೆಯುತ್ತೇವೆ. ತಿಳಿ ನೀರನ್ನು ಕಂಡರೆ ಯಾರು ಹೊಡೆಯುತ್ತಾರೆ?

ಬೆಳಕಿನ ಬಗ್ಗೆಯೂ ಒಂದು ಎಚ್ಚರಿಕೆ. "ನನ್ನ ಪುಡಿ ಮಾಮೂಲಿ ಬೆಳಕಿನಲ್ಲೂ ಕೆಲಸ ಮಾಡುತ್ತದೆ" ಅಂತ ಬರೆಯಬೇಕಾದರೆ 420 ನ್ಯಾನೊಮೀಟರ್‌ಗಿಂತ ಕೆಳಗಿನದ್ದನ್ನು ತಡೆಯುವ ಫಿಲ್ಟರ್ ಹಾಕಿರಬೇಕು. ಹಾಕಿದ ಮೇಲೂ ಡೈ ತಾನೇ ಬೆಳಕು ಹೀರಿ ಎಲೆಕ್ಟ್ರಾನನ್ನು ಪುಡಿಗೆ ಕೊಟ್ಟು ಹಾಳಾಗುತ್ತಿರಬಹುದು. ಆಗ ಪುಡಿಯ ಗುಣಕ್ಕಿಂತ ಡೈಯ ಗುಣವೇ ಕೆಲಸ ಮಾಡಿದಂತಾಯಿತು. ಬಣ್ಣವೇ ಇಲ್ಲದ ಒಂದು ಮಾಲಿನ್ಯ ವಸ್ತುವಿನ ಮೇಲೂ ಪರೀಕ್ಷಿಸಿದರೆ ಇದು ಗೊತ್ತಾಗುತ್ತದೆ. ಫೀನಾಲ್‌ನ ತೆಳು ದ್ರಾವಣ ತಗೊಂಡು 270ರಲ್ಲಿ ಅಳೆಯಬಹುದು. ಫೀನಾಲ್ ಚರ್ಮ ಸುಡುತ್ತದೆ, ಗ್ಲೌಸ್ ಇಲ್ಲದೆ ಮುಟ್ಟಬೇಡಿ.

ಯಾವ ರ‍್ಯಾಡಿಕಲ್ ಕೆಲಸ ಮಾಡುತ್ತಿದೆ ಅಂತ ತಿಳಿಯಲು ತಡೆಗಾರ ವಸ್ತುಗಳನ್ನು ಹಾಕುತ್ತಾರೆ. ಹೈಡ್ರಾಕ್ಸಿಲ್‌ಗೆ ಐಸೊಪ್ರೊಪನಾಲ್, ಹೋಲ್‌ಗೆ ಇಡಿಟಿಎ, ಸೂಪರ್‌ಆಕ್ಸೈಡ್‌ಗೆ ಬೆಂಜೊಕ್ವಿನೋನ್. ಯಾವುದನ್ನು ಹಾಕಿದಾಗ ವೇಗ ಬಿತ್ತೋ ಅದು ಮುಖ್ಯ. ಸಮಯ ಇದ್ದರೆ ಮಾಡಿ. ಮೇಲಿನ ನಾಲ್ಕು ಪರೀಕ್ಷೆ ಬಿಟ್ಟು ಇದನ್ನು ಮಾತ್ರ ಮಾಡಬೇಡಿ.

ನಾಲೆಯ ನೀರು ಬೇರೆ, ಬೀಕರ್ ನೀರು ಬೇರೆ

ಡಿಸ್ಟಿಲ್ಡ್ ನೀರಿನಲ್ಲಿ ಬಂದ ವೇಗ ಕಾರ್ಖಾನೆ ನೀರಿನಲ್ಲಿ ಬರುವುದಿಲ್ಲ. ಹತ್ತಿ ಬಟ್ಟೆಗೆ ರಿಯಾಕ್ಟಿವ್ ಡೈ ಹಾಕುವಾಗ ಉಪ್ಪು ಧಾರಾಳವಾಗಿ ಬೀಳುತ್ತದೆ, ಜೊತೆಗೆ ಸೋಡಾ ಆಶ್ (ಸೋಡಿಯಂ ಕಾರ್ಬೊನೇಟ್). ಪಿಎಚ್ ಹತ್ತು ಹನ್ನೊಂದಕ್ಕೆ ಹೋಗುತ್ತದೆ. ಕಾರ್ಬೊನೇಟ್ ಮತ್ತು ಕ್ಲೋರೈಡ್ ಎರಡೂ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಅನ್ನು ನುಂಗುತ್ತವೆ.

ಚಾರ್ಜ್ ವಿಷಯವೂ ಇದೆ. ಟೈಟಾನಿಯಾ ಪಿಎಚ್ ಸುಮಾರು 6ರಿಂದ 6.5ಕ್ಕಿಂತ ಕೆಳಗೆ ಪ್ಲಸ್, ಮೇಲೆ ಮೈನಸ್. ಮೆಥಿಲೀನ್ ಬ್ಲೂ ಪ್ಲಸ್ ಡೈ, ಮೈನಸ್ ಇರುವ ಗ್ರಾಫೀನ್ ಆಕ್ಸೈಡ್‌ಗೆ ಓಡಿ ಬಂದು ಅಂಟುತ್ತದೆ. ರಿಯಾಕ್ಟಿವ್ ಡೈಗಳು ಮೈನಸ್. ಸೋಡಾ ಆಶ್ ಇರುವ ನೀರಿನಲ್ಲಿ ಅವು ಪುಡಿಯ ಹತ್ತಿರವೂ ಬರುವುದಿಲ್ಲ. ಮೆಥಿಲೀನ್ ಬ್ಲೂ ಒಂದರ ಮೇಲೆ ಪ್ರಯೋಗ ಮಾಡಿ "ಬಟ್ಟೆ ಕಾರ್ಖಾನೆಗೆ ಪರಿಹಾರ" ಅಂತ ಶೀರ್ಷಿಕೆ ಇಡುವುದು ನನಗೆ ಸರಿ ಕಾಣುವುದಿಲ್ಲ. ಜೊತೆಗೆ ಮೆಥಿಲ್ ಆರೆಂಜ್‌ನಂಥ ಒಂದು ಮೈನಸ್ ಡೈ ಇರಲಿ, ಅದನ್ನು 464ರಲ್ಲಿ ಅಳೆಯಿರಿ. ಉಪ್ಪು ಹಾಕಿದ ನೀರಿನಲ್ಲಿ ಒಂದು ಸಲ, ನಲ್ಲಿ ನೀರಿನಲ್ಲಿ ಒಂದು ಸಲ ಮಾಡಿ. ವೇಗ ಬಿದ್ದೇ ಬೀಳುತ್ತದೆ. ಬಿದ್ದದ್ದನ್ನು ಬಿದ್ದ ಹಾಗೇ ಬರೆಯಿರಿ, ಓದುವವರಿಗೆ ಅದರಿಂದಲೇ ಉಪಯೋಗ.

ಕಡು ಬಣ್ಣದ ನೀರಿನೊಳಗೆ ಬೆಳಕು ಇಳಿಯುವುದೇ ಇಲ್ಲ. ನನ್ನ ಅಭಿಪ್ರಾಯದಲ್ಲಿ ಈ ವಿಧಾನದ ಜಾಗ ಕೊನೆಯಲ್ಲಿ. ಮಾಮೂಲಿ ಶುದ್ಧೀಕರಣ ಎಲ್ಲ ಆದ ಮೇಲೂ ಉಳಿಯುವ ತೆಳು ಬಣ್ಣಕ್ಕೆ. ಮಾಟುಂಗದ ಐಸಿಟಿ, ಅಂದರೆ ಹಿರಿಯರು ಈಗಲೂ ಯುಡಿಸಿಟಿ ಅನ್ನುವ ಸಂಸ್ಥೆ, ಅಲ್ಲಿ ಡೈ ಮತ್ತು ಬಟ್ಟೆಯ ರಸಾಯನಶಾಸ್ತ್ರಕ್ಕೆ ಬಹಳ ಹಳೆಯ ಪರಂಪರೆ ಇದೆ. ಅಲ್ಲಿ ಓದುವವರು ಯಾರಾದರೂ ಪರಿಚಯ ಇದ್ದರೆ ನಿಜವಾದ ಡೈ ನೀರಿನಲ್ಲಿ ಏನೇನು ಇರುತ್ತದೆ ಅಂತ ಕೂತು ಕೇಳಿ. ಒಂದು ಸಂಜೆಯ ಮಾತು ಹತ್ತು ಪೇಪರ್‌ಗಿಂತ ಜಾಸ್ತಿ ಕಲಿಸುತ್ತದೆ.

ಪುಡಿಯನ್ನು ಮತ್ತೆ ಬಳಸುವುದು, ಎಸೆಯುವುದು

ಒಂದೇ ಪುಡಿಯನ್ನು ಐದು ಸಲ ಬಳಸಿ ತೋರಿಸುವುದು ರೂಢಿ. ಪ್ರತಿ ಸಲ ಪುಡಿಯನ್ನು ಒಟ್ಟು ಮಾಡಿ, ತೊಳೆದು, ಒಣಗಿಸಿ, ತೂಕ ಮಾಡಿ. ತೂಕ ಕಡಿಮೆಯಾಗಿದ್ದರೆ ಡೈ ನೀರನ್ನೂ ಅದೇ ಪ್ರಮಾಣಕ್ಕೆ ಕಡಿಮೆ ಮಾಡಿ. ಇಲ್ಲದಿದ್ದರೆ ಪುಡಿ ಕಳೆದುಹೋದದ್ದನ್ನು "ಶಕ್ತಿ ಕುಂದಿತು" ಅಂತ ತಪ್ಪಾಗಿ ಬರೆಯುತ್ತೀರಿ. ತೊಳೆಯುವಾಗ ಎಥನಾಲ್ ಬಳಸಿದರೆ ಅದರಲ್ಲಿ ಬಂದ ಬಣ್ಣವನ್ನೂ ಅಳೆದು ಬರೆದಿಡಿ.

ಸೆಂಟ್ರಿಫ್ಯೂಜ್‌ಗೆ ಸಿಗದೆ ನೀರಿನಲ್ಲಿ ಉಳಿದ ಪುಡಿ ಕಣ್ಣಿಗೆ ಕಾಣುವುದಿಲ್ಲ. ತಿಳಿಯಾದ ನೀರಿಗೆ 800 ನ್ಯಾನೊಮೀಟರ್‌ನಲ್ಲಿ ಅಬ್ಸಾರ್ಬೆನ್ಸ್ ಸೊನ್ನೆಗಿಂತ ಮೇಲಿದ್ದರೆ ಪುಡಿ ಇನ್ನೂ ತೇಲುತ್ತಿದೆ. ಡೈಗೆ ಅಲ್ಲಿ ಬಣ್ಣವೇ ಇಲ್ಲವಲ್ಲ. ಇನ್ನೊಂದು ಸಲ ತಿರುಗಿಸಿ. ಪುಡಿಯನ್ನು ಗಾಜಿನ ತುಂಡಿನ ಮೇಲೋ, ಆಲ್ಜಿನೇಟ್ ಮಣಿಗಳ ಒಳಗೋ ಕೂರಿಸಿದರೆ ಈ ಕಾಟ ಇಲ್ಲ, ಆದರೆ ವೇಗ ಕಡಿಮೆಯಾಗುತ್ತದೆ.

ಪ್ರಯೋಗದ ನೀರು, ತೊಳೆದ ಎಥನಾಲ್, ಫೀನಾಲ್, ಸಿಓಡಿಯ ಡೈಕ್ರೋಮೇಟ್ ಯಾವುದನ್ನೂ ಸಿಂಕ್‌ಗೆ ಸುರಿಯಬೇಡಿ. ನಮ್ಮ ಸಿಂಕ್‌ನ ನೀರೂ ಕೊನೆಗೆ ಖಾಡಿಗೇ (ಸಮುದ್ರದ ಹಿನ್ನೀರಿಗೇ) ಹೋಗುವುದು. ಒಂದೊಂದಕ್ಕೂ ಬೇರೆ ಕ್ಯಾನ್ ಇಡಿ. ಎಥನಾಲ್ ಮತ್ತು ಡೈಕ್ರೋಮೇಟ್ ಒಂದೇ ಕ್ಯಾನಿನಲ್ಲಿ ಸೇರಿದರೆ ಬಿಸಿಯಾಗಿ ಉಕ್ಕುತ್ತದೆ. ಕ್ಯಾನಿನ ಮೇಲೆ ಒಳಗೇನಿದೆ, ಯಾವ ತಾರೀಖು, ಯಾರ ಪ್ರಯೋಗ ಅಂತ ಮಾರ್ಕರ್‌ನಲ್ಲಿ ಬರೆಯಿರಿ, ಮೇಲೆ ಪಾರದರ್ಶಕ ಟೇಪ್ ಅಂಟಿಸಿ. ಜುಲೈನ ತೇವಕ್ಕೆ ಬರೀ ಕಾಗದದ ಲೇಬಲ್ ಒಂದು ವಾರದಲ್ಲಿ ಕಳಚಿ ಬೀಳುತ್ತದೆ.